ಅಟ್ಟದಿಂದ ಅಂಗಳಕ್ಕೆ

ಬೇಡವಾದ ವಸ್ತು ಮನೆಯಿಂದ ಹೊರಗೆ ಹೋಗುತ್ತದೆ. ಬೇಕಾದ ವಸ್ತು ಕೈಗೆ ಸಿಕ್ಕುವ ಜಾಗದಲ್ಲಿ ಇರುತ್ತದೆ. ಬೇಕೋ ಬೇಡವೋ ಎಂದು ಯಾರೂ ತೀರ್ಮಾನಿಸಲಾರದ ವಸ್ತು ಅಟ್ಟವನ್ನು ಸೇರುತ್ತದೆ. ಒಮ್ಮೆ ಏಣಿ ಹಾಕಿ ನಿಮ್ಮ ಅಟ್ಟವನ್ನು ನೋಡಿ: ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಗಾಜು ಒಡೆದ ಕಂದೀಲು, ಉಪ್ಪಿನಕಾಯಿಯ ಭರಣಿ, ಅಜ್ಜಿಯ ಕಾಲದ ಟ್ರಂಕು, ಹಗ್ಗ ಕಳಚಿದ ತೊಟ್ಟಿಲು, ಮಾತು ನಿಂತ ರೇಡಿಯೋ. ಜಾಗ ಸಾಲದಾದರೆ ಬಚ್ಚಲ ಹಿಂದೆಯೂ ಹಿತ್ತಲ ಮೂಲೆಯಲ್ಲಿಯೂ ಇವುಗಳ ಬಂಧುಬಳಗ ಬಿದ್ದಿರುವುದುಂಟು.

ಇವು ಹಾಳಾಗಿ ಅಲ್ಲಿಗೆ ಹೋದವಲ್ಲ. ಇವುಗಳ ಕೆಲಸವನ್ನು ಬೇರೆ ವಸ್ತುಗಳು ಕಸಿದುಕೊಂಡುದರಿಂದ ಹೋದವು. ಬಚ್ಚಲಿಗೆ ಬಾಯ್ಲರು ಬಂದ ದಿನ ಹಂಡೆಗೆ ರಜೆ ಸಿಕ್ಕಿತು. ಮಿಕ್ಸಿ ಬಂದ ದಿನ ರುಬ್ಬುವ ಕಲ್ಲು ಹಿತ್ತಲಿಗೆ ಉರುಳಿತು. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಬಂದ ಮೇಲೆ ಹುಣಿಸೆಹಣ್ಣು ಹಚ್ಚಿ ತಿಕ್ಕುವ ಶ್ರಮ ಯಾರಿಗೂ ಬೇಡವಾಯಿತು. ಸೇರು, ಪಾವು, ಚಟಾಕುಗಳ ಕಥೆಯಂತೂ ಸರ್ಕಾರದ ಕಡತದಲ್ಲಿಯೇ ಇದೆ. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಗಿ, ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಾಗ, ತಲೆಮಾರುಗಳಿಂದ ಅಕ್ಕಿ ರಾಗಿಗಳನ್ನು ಅಳೆದ ಪಾತ್ರೆಗಳು ವ್ಯಾಪಾರದಿಂದ ನಿವೃತ್ತವಾದವು.

ನಿವೃತ್ತಿಯ ಅನಂತರ ಇವಕ್ಕೆ ಸಾಮಾನ್ಯವಾಗಿ ಎರಡು ಗತಿ. ಒಂದು, ಗುಜರಿ ಅಂಗಡಿಯ ತಕ್ಕಡಿ. ಅಲ್ಲಿ ಹಂಡೆಗೆ ಹಂಡೆಯ ಬೆಲೆಯಿಲ್ಲ, ತಾಮ್ರದ ಬೆಲೆ ಮಾತ್ರ. ಕುಲುಮೆಗೆ ಬಿದ್ದ ಹಂಡೆ ಮರಳಿ ಬರುವುದಿಲ್ಲ. ಇನ್ನೊಂದು ಗತಿ ಈಚೆಗೆ ಹೆಚ್ಚಾಗಿ ಕಾಣುತ್ತಿದೆ: ಅಲಂಕಾರದ ಉತ್ಸಾಹದಲ್ಲಿ ಅದೇ ಹಂಡೆಗೆ ಚಿನ್ನದ ಬಣ್ಣ ಬಳಿದು, ತಳಕ್ಕೆ ತೂತು ಕೊರೆದು, ಮಣ್ಣು ತುಂಬಿ ಬಾಗಿಲ ಬಳಿ ನಿಲ್ಲಿಸುವುದು. ಇಲ್ಲಿ ಪಾತ್ರೆ ಮನೆಯಲ್ಲಿಯೇ ಉಳಿಯುತ್ತದೆ, ಆದರೆ ಪಾತ್ರೆಯಾಗಿ ಉಳಿಯುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಎರಡು ಗತಿಗೂ ಸಲ್ಲುತ್ತದೆ.

ಮೂರನೆಯ ದಾರಿಯೊಂದಿದೆ. ಹಳೆಯ ವಸ್ತುವಿಗೆ ಹೊಸ ಕೆಲಸ ಕೊಡುವುದಾದರೆ ಅದರ ಹಳೆಯ ಕೆಲಸಕ್ಕೆ ಸಮೀಪವಾದುದನ್ನು ಕೊಡಬೇಕು. ಮುಂದೆಂದಾದರೂ ಬೇಕೆನಿಸಿದರೆ ಮೊದಲಿನಂತೆ ಮಾಡಿಕೊಳ್ಳಲು ಬರುವ ಹಾಗೆಯೂ ಇರಬೇಕು. ನೀರು ಹಿಡಿದ ಪಾತ್ರೆ ನೀರನ್ನೇ ಹಿಡಿಯಲಿ, ಬೆಳಕು ಕೊಟ್ಟದ್ದು ಬೆಳಕನ್ನೇ ಕೊಡಲಿ, ಕುಳಿತುಕೊಳ್ಳುವ ಮಣೆ ಏನನ್ನಾದರೂ ಹೊರಲಿ. ಹೀಗೆ ಮಾಡಿದಾಗ ವಸ್ತು ತಾನಿರುವ ಜಾಗಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಅಲಂಕಾರವನ್ನು ಹೊರಗಿನಿಂದ ತರಬೇಕಾದುದೇ ಇಲ್ಲ.

ಇದು ನಮಗೆ ಹೊಸ ವಿದ್ಯೆಯಲ್ಲ

ಹಳೆಯದನ್ನು ಮತ್ತೆ ಬಳಸುವುದನ್ನು ನಮ್ಮ ಮನೆಗಳಿಗೆ ಯಾರೂ ಕಲಿಸಬೇಕಾಗಿಲ್ಲ. ನವರಾತ್ರಿ ಬಂದಾಗ ಮೈಸೂರು ಕಡೆಯ ಮನೆಗಳಲ್ಲಿ ಟ್ರಂಕು, ಡಬ್ಬ, ಹಲಗೆಗಳನ್ನು ಜೋಡಿಸಿ, ಮೇಲೆ ಬಿಳಿಯ ಪಂಚೆ ಹಾಸಿ, ಗೊಂಬೆಗಳಿಗೆ ಮೆಟ್ಟಿಲು ಕಟ್ಟುವುದಿಲ್ಲವೇ? ಹತ್ತು ದಿನ ಸಿಂಹಾಸನದಂತೆ ಮೆರೆದ ಟ್ರಂಕು ಹಬ್ಬ ಮುಗಿದೊಡನೆ ಮತ್ತೆ ಟ್ರಂಕೇ ಆಗುತ್ತದೆ. ತೆಂಗಿನ ಚಿಪ್ಪು ಸೌಟಾಯಿತು, ಹರಿದ ಪಂಚೆ ದೀಪದ ಬತ್ತಿಯಾಯಿತು, ಒಡೆದ ಬಿಳಿಯ ಪಿಂಗಾಣಿಯ ಚೂರುಗಳು ತಾರಸಿಗೆ ಹಾಸಾಗಿ ಬಿಸಿಲನ್ನು ಹಿಂದಕ್ಕೆಸೆದು ಮನೆಯನ್ನು ತಂಪಾಗಿಟ್ಟವು.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರೂ ಇದ್ದಾರೆ. ಚಂಡೀಗಢದಲ್ಲಿ ರಸ್ತೆ ಇಲಾಖೆಯ ನೌಕರರಾಗಿದ್ದ ನೇಕ್ ಚಂದ್ ಅವರು ೧೯೫೭ರ ಸುಮಾರಿಗೆ ಯಾರಿಗೂ ತಿಳಿಯದಂತೆ ಕಾಡಿನಂಚಿನಲ್ಲಿ ಒಡೆದ ಬಳೆ, ಹೆಂಚು, ಪಿಂಗಾಣಿಗಳಿಂದ ಮೂರ್ತಿಗಳನ್ನು ಮಾಡತೊಡಗಿದರು. ೧೯೭೬ರಲ್ಲಿ ಅದು 'ರಾಕ್ ಗಾರ್ಡನ್' ಎಂಬ ಹೆಸರಿನಲ್ಲಿ ಜನರಿಗೆ ತೆರೆಯಿತು. ಅವರು ಕೈಗೆತ್ತಿಕೊಂಡದ್ದು ಒಡೆದುಹೋದ ವಸ್ತುಗಳನ್ನು. ಒಡೆಯದೆ ಉಳಿದ ವಸ್ತುವಿಗೆ ಬೇರೆ ಮಾದರಿ ಬೇಕು. ಅದು ನಮ್ಮ ಮಣಿಪಾಲದಲ್ಲಿದೆ. ಅಲ್ಲಿ ವಿಜಯನಾಥ ಶೆಣೈಯವರು, ಕೆಡವಿಹಾಕುತ್ತಿದ್ದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ತಂದು 'ಹಸ್ತಶಿಲ್ಪ' ಎಂಬ ತಮ್ಮ ಮನೆಯನ್ನು ಕಟ್ಟಿದರು. ಅಲ್ಲಿ ಬಾಗಿಲು ಬಾಗಿಲಾಗಿಯೇ ನಿಂತಿತು, ಕಂಬ ಭಾರವನ್ನೇ ಹೊತ್ತಿತು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿ ಒಂದು ಪರಂಪರಾ ಗ್ರಾಮವನ್ನೇ ಮಾಡಿದರು. ಗುಜರಾತಿನ ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲರು ೧೯೮೧ರಲ್ಲಿ ಬರಿಯ ಪಾತ್ರೆಗಳಿಗಾಗಿಯೇ ಒಂದು ಸಂಗ್ರಹಾಲಯವನ್ನು ತೆರೆದರು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿಯೂ ಹಳ್ಳಿಯ ಮನೆಯ ಒರಳು, ಕೊಳಗ, ಕಣಜಗಳನ್ನು ನೋಡಬಹುದು. ಅಟ್ಟದ ವಸ್ತುವಿನ ಹೆಸರು ಮರೆತವರು ಅಲ್ಲಿಗೊಮ್ಮೆ ಹೋಗಿಬರುವುದು ಒಳ್ಳೆಯದು.

ಲೋಹದ ಪಾತ್ರೆಗಳು

ಮೊದಲು ಪಾತ್ರೆಯ ಜಾತಿಯನ್ನು ತಿಳಿಯಬೇಕು. ಒಂದು ಅಯಸ್ಕಾಂತವನ್ನು ಹಿಡಿದು ನೋಡಿ. ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರಿಯ ಲೇಪ. ಅಂಟದೆ ಕೆಂಪಗಿದ್ದರೆ ತಾಮ್ರ. ಹಳದಿಯಾಗಿದ್ದರೆ ಹಿತ್ತಾಳೆ ಇರಬಹುದು, ಕಂಚೂ ಇರಬಹುದು. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಕಂಚಿನ ದನಿ ಬಹಳ ಹೊತ್ತು ನಿಲ್ಲುತ್ತದೆ. ಕೈತಪ್ಪಿ ಬಿದ್ದರೆ ಹಿತ್ತಾಳೆ ನೆಗ್ಗುತ್ತದೆ, ಕಂಚು ಒಡೆದೇ ಹೋಗಬಹುದು. ಆದುದರಿಂದ ಕಂಚಿನ ಪಾತ್ರೆಯನ್ನು ಮಕ್ಕಳ ಓಡಾಟದ ದಾರಿಯಲ್ಲಿ ಇಡಕೂಡದು.

ತೊಳೆಯಲು ನಮ್ಮ ಹಿರಿಯರ ಹುಣಿಸೆಹಣ್ಣೇ ಸಾಕು. ಅದರ ಹುಳಿಯು ಲೋಹದ ಮೇಲಿನ ಕಪ್ಪನ್ನೂ ಹಸುರು ಕಿಲುಬನ್ನೂ ಕರಗಿಸುತ್ತದೆ. ಜೊತೆಗೆ ಚಿಟಿಕೆ ಉಪ್ಪು ಸೇರಿದರೆ ಕೆಲಸ ಇನ್ನೂ ಬೇಗ. ತಿಕ್ಕಿದ ಮೇಲೆ ಹುಳಿಯ ಅಂಶವೆಲ್ಲ ಹೋಗುವಂತೆ ನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರಸಬೇಕು. ಹುಳಿ ಉಳಿದರೆ ನಾಲ್ಕೇ ದಿನಗಳಲ್ಲಿ ಕಿಲುಬು ಮರಳುತ್ತದೆ. ಕಕ್ಕಸು ತೊಳೆಯುವ ಆಮ್ಲದ ಗೊಡವೆಗೆ ಹೋಗಬೇಡಿ. ಪಾತ್ರೆ ಕನ್ನಡಿಯಂತೆ ಹೊಳೆಯಬೇಕೆಂಬ ಹಟವೂ ಬೇಡ. ಕಾಲದಿಂದ ಬಂದ ಸಮನಾದ ಕಂದು ಬಣ್ಣ ಲೋಹಕ್ಕೆ ಕೇಡಲ್ಲ. ಪುಡಿಯಾಗಿ ಉದುರುವ ಹಸುರು ಕಿಲುಬನ್ನು ಮಾತ್ರ ತೆಗೆದರಾಯಿತು.

ತಿಕ್ಕುವ ಮುಂಚೆ ಪಾತ್ರೆಯ ಕಂಠವನ್ನು ಬೆಳಕಿಗೆ ಹಿಡಿದು ನೋಡಿ. ಅನೇಕ ಮನೆಗಳ ಪಾತ್ರೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು ಇರುತ್ತದೆ: ಮದುವೆಯಲ್ಲಿ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು. ಎಷ್ಟೋ ಕುಟುಂಬಗಳಲ್ಲಿ ಮುತ್ತಜ್ಜಿಯ ಹೆಸರು ಬರೆದಿಟ್ಟಿರುವುದು ಇದೊಂದೇ ಕಡೆ. ಮರಳು ಹಾಕಿ ಉಜ್ಜಿದರೆ ಆ ಅಕ್ಷರಗಳು ಸವೆದುಹೋಗುತ್ತವೆ. ಗುಜರಿಗೆ ಹೋದರೆ ಹೇಳುವುದೇ ಬೇಡ.

ಹಂಡೆಯನ್ನು ತೋಟದಲ್ಲಿ ಬಳಸುವುದಾದರೆ ಅದಕ್ಕೆ ನೇರವಾಗಿ ಮಣ್ಣು ತುಂಬಬೇಡಿ. ಗೊಬ್ಬರದ ಲವಣಗಳು ತಾಮ್ರವನ್ನು ತಿನ್ನುತ್ತವೆ. ಕರಗಿದ ತಾಮ್ರವು ಬೇರಿಗೆ ವಿಷ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತದಿಂದ ಮಾಡಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಮಲೆನಾಡಿನವರಿಗೆ ತಾಮ್ರದ ಈ ಕಟುಗುಣ ಚೆನ್ನಾಗಿ ಗೊತ್ತು. ಒಳ್ಳೆಯ ಉಪಾಯವೆಂದರೆ, ಗಿಡವನ್ನು ಸಾಧಾರಣ ಕುಂಡದಲ್ಲಿಯೇ ಬೆಳೆಸಿ, ಹಂಡೆಯೊಳಗೆ ಎರಡು ಇಟ್ಟಿಗೆಯಿಟ್ಟು ಅದರ ಮೇಲೆ ಕುಂಡವನ್ನು ಕೂರಿಸುವುದು. ತೂತು ಕೊರೆಯಬೇಕಾಗಿಲ್ಲ. ಇಳಿದ ನೀರನ್ನು ಆಗಾಗ ಚೆಲ್ಲಿದರೆ ಸಾಕು. ನಾಳೆ ಮನೆಯಲ್ಲಿ ಮದುವೆಯೋ ಮುಂಜಿಯೋ ಬಂದರೆ ಕುಂಡವನ್ನೆತ್ತಿ ಹಂಡೆಯನ್ನು ತೊಳೆದು ನೀರು ಕಾಯಿಸಬಹುದು.

ಹಂಡೆಯಲ್ಲಿ ನೀರು ತುಂಬಿ ಹೂವು ತೇಲಿಬಿಡುವುದು ಅದಕ್ಕಿಂತಲೂ ಸುಂದರ. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ಮನೆಯ ತಿಳಿನೀರೇ ಅದಕ್ಕೆ ಇಷ್ಟ. ನಿಂತ ನೀರಿನಲ್ಲಿ ಅದರ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತವೆ. ನೀರು ಚೆಲ್ಲಿ ಒಣಗಿಸಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದುದರಿಂದ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆದು, ಹೊಸ ನೀರು ತುಂಬಬೇಕು. ಅಷ್ಟು ಬಿಡುವಿಲ್ಲದವರು ಹಂಡೆಯನ್ನು ಬರಿದಾಗಿಯೇ ಒಳಮನೆಯಲ್ಲಿಡಲಿ. ಹಿತ್ತಲಿನ ಹಳೆಯ ಟೈರು, ಒಡಕು ಬಕೆಟ್ಟುಗಳಿಗೂ ಇದೇ ಮಾತು. ಅಲಂಕಾರ ಮಾಡಹೋಗಿ ಬೀದಿಗೆಲ್ಲ ಜ್ವರ ತರುವುದು ಯಾವ ಸೊಬಗು?

ಕಲ್ಲು

ರುಬ್ಬುವ ಕಲ್ಲು, ಒರಳು, ಬೀಸುವ ಕಲ್ಲು ಇವು ಮಳೆ ಬಿಸಿಲಿಗೆ ಅಂಜುವುವಲ್ಲ. ತೋಟಕ್ಕೆ ಇವುಗಳಿಗಿಂತ ಹೊಂದುವ ವಸ್ತು ಇನ್ನೊಂದಿಲ್ಲ. ಒರಳಿನ ಗುಳಿಯಲ್ಲಿ ಎರಡು ಅಂಗುಲ ನೀರು ಹಾಕಿಟ್ಟರೆ ಬೇಸಗೆಯಲ್ಲಿ ಗುಬ್ಬಿ, ಪಿಕಳಾರಗಳು ಬಂದು ಕುಡಿಯುತ್ತವೆ. ಆಳವಾದ ಗುಳಿಯಾದರೆ ಒಳಗೆ ಬೆಣಚುಕಲ್ಲುಗಳನ್ನು ಹಾಕಿ ಆಳವನ್ನು ತಗ್ಗಿಸಿ. ಹಕ್ಕಿಯ ಕಾಲಿಗೆ ಹಿಡಿತ ಸಿಕ್ಕುತ್ತದೆ. ಇಲ್ಲಿಯೂ ವಾರದ ತೊಳೆತ ತಪ್ಪಕೂಡದು. ಬೀಸುವ ಕಲ್ಲಿನ ಎರಡು ಹೋಳುಗಳನ್ನು ಬೇರೆಮಾಡಿ ನೆಲಕ್ಕೆ ಹೂಳುವುದಕ್ಕಿಂತ, ಗೂಟ ಸಹಿತ ಒಂದರ ಮೇಲೊಂದಿಟ್ಟು ತುಳಸಿಕಟ್ಟೆಯ ಪಕ್ಕದಲ್ಲಿ ಕೂರಿಸಿದರೆ ಅದು ಏನೆಂಬುದು ಮಕ್ಕಳಿಗೂ ತಿಳಿಯುತ್ತದೆ. ಬೆಳಗಿನ ಜಾವ ಅದರ ಮುಂದೆ ಕುಳಿತು ಬೀಸುತ್ತ ಹೆಂಗಸರು ಕಟ್ಟಿದ ಹಾಡುಗಳೇ ನಮ್ಮ ಜನಪದ ಸಾಹಿತ್ಯದ ದೊಡ್ಡ ಪಾಲು ಎಂಬುದನ್ನು ಅವರಿಗೆ ಹೇಳಲು ಒಂದು ನೆಪವೂ ಸಿಕ್ಕುತ್ತದೆ.

ಕಲ್ಲಿಗೆ ಬಣ್ಣ ಬಳಿಯಬೇಡಿ, ಸಿಮೆಂಟಿನಲ್ಲಿ ಹುಗಿಯಬೇಡಿ. ನಾಲ್ಕು ಅಂಗುಲ ಮರಳು ಹಾಸಿ ಅದರ ಮೇಲಿಟ್ಟರೆ ಅಲುಗದು, ಬೇಕಾದಾಗ ತೆಗೆಯಲೂ ಬರುತ್ತದೆ. ನಮ್ಮಲ್ಲಿ ಮದುವೆಗೆ ಮುಂಚೆ ಒರಳು ಒನಕೆಗಳಿಗೆ ಪೂಜೆ ಮಾಡಿ ಅರಿಶಿನ ಕುಟ್ಟುವ ಶಾಸ್ತ್ರ ಇನ್ನೂ ಇದೆ. ಆ ದಿನ ಪಕ್ಕದ ಬೀದಿಗೆ ಒರಳನ್ನು ಹುಡುಕಿಕೊಂಡು ಹೋಗುವ ಪ್ರಮೇಯ ಬರಬಾರದಲ್ಲ! ತೂಕದ ವಿಷಯವೊಂದು ನೆನಪಿರಲಿ: ಒಂದು ಘನ ಅಡಿ ಗ್ರಾನೈಟು ಕಲ್ಲು ಸುಮಾರು ೭೫ ಕಿಲೋಗ್ರಾಂ ತೂಗುತ್ತದೆ. ರುಬ್ಬುವ ಕಲ್ಲು ನೆಲದ ವಸ್ತು, ಬಾಲ್ಕನಿಯ ವಸ್ತುವಲ್ಲ. ತಾರಸಿಯ ತೋಟಕ್ಕೂ ಈ ಲೆಕ್ಕ ಬೇಕು. ಒಂದು ಲೀಟರು ಹಸಿ ಮಣ್ಣು ಸುಮಾರು ಒಂದೂವರೆ ಕಿಲೋ ಇರುವುದರಿಂದ, ಇಪ್ಪತ್ತು ಲೀಟರಿನ ಪಾತ್ರೆಗೆ ಮಣ್ಣು ತುಂಬಿದರೆ ಮೂವತ್ತು ಕಿಲೋ ಮೀರುತ್ತದೆ. ಭಾರವಾದುದನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇಡಬೇಕು.

ಮಣ್ಣು ಮತ್ತು ಪಿಂಗಾಣಿ

ನೀರು ತಂಪಾಗಿಸುತ್ತಿದ್ದ ಹಳೆಯ ಮಡಕೆಗೆ ತೋಟದಲ್ಲಿ ಬಹಳ ಒಳ್ಳೆಯ ಕೆಲಸವೊಂದಿದೆ. ಗಿಡಗಳ ನಡುವೆ ಗುಳಿ ತೋಡಿ, ಕಂಠ ಮಾತ್ರ ಮೇಲೆ ಕಾಣುವಂತೆ ಮಡಕೆಯನ್ನು ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳ ಹಾಕಿ. ಮಣ್ಣು ಒಣಗಿದಂತೆ ಅದು ಮಡಕೆಯ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ತೇವವಾದಾಗ ಹೀರುವುದು ತಾನಾಗಿ ನಿಧಾನವಾಗುತ್ತದೆ. ಗಿಡಕ್ಕೆ ಬೇಕಾದಷ್ಟೇ ನೀರು. ಮೇಲೆ ಒಣಗಿ ಪೋಲಾಗುವುದು ಬಹು ಕಡಿಮೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚೀನೀ ಕೃಷಿಗ್ರಂಥವೊಂದರಲ್ಲಿಯೇ ಈ ಪದ್ಧತಿಯ ವಿವರಣೆ ಸಿಕ್ಕುತ್ತದೆ. ಎರಡು ಮೂರು ದಿನ ಊರಿಗೆ ಹೋಗುವವರಿಗೆ ಇದರಂಥ ಉಪಕಾರಿ ಇನ್ನೊಂದಿಲ್ಲ. ಹೂಳುವ ಮುಂಚೆ ಮಡಕೆಗೆ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಹೊರಮೈ ತೇವವಾಗಿದ್ದರೆ ಮಡಕೆ ಕೆಲಸಕ್ಕೆ ಬರುತ್ತದೆ; ಒಣಗಿಯೇ ಇದ್ದರೆ ಗಡಸು ನೀರಿನ ಸುಣ್ಣ ರಂಧ್ರಗಳನ್ನು ಕಟ್ಟಿದೆಯೆಂದು ತಿಳಿಯಬೇಕು. ಒಡೆದ ಮಡಕೆಯ ಓಡುಗಳು ಕುಂಡದ ತಳದ ತೂತನ್ನು ಮುಚ್ಚಲು ಆಗುತ್ತವೆ.

ಉಪ್ಪಿನಕಾಯಿಯ ಭರಣಿ ಇದಕ್ಕೆ ವಿರುದ್ಧ. ಅದರ ಗಾಜಿನಂಥ ಹೊಳಪು ನೀರನ್ನು ಬಿಡುವುದಿಲ್ಲ. ಆದುದರಿಂದ ಅದು ಹೂದಾನಿಗೂ, ಬಾಗಿಲ ಬಳಿ ಕೊಡೆ, ಊರುಗೋಲು ಇಡುವುದಕ್ಕೂ ತಕ್ಕುದು. ಹೊಳಪು ಬಿರುಕುಬಿಟ್ಟ ಹಳೆಯ ಭರಣಿಯಲ್ಲಿ ಮಾತ್ರ ಮತ್ತೆ ತಿನ್ನುವ ಪದಾರ್ಥವನ್ನು ಹಾಕಬೇಡಿ. ಹಿಂದಿನ ಕೆಲವು ಲೇಪಗಳಲ್ಲಿ ಸೀಸವಿರುತ್ತಿದ್ದು, ಹುಳಿಗೂ ಉಪ್ಪಿಗೂ ಅದು ಒಳಗೆ ಇಳಿಯಬಹುದು.

ಮರ

ತೇಗ, ಬೀಟೆ, ಹಲಸಿನ ಮರದ ಹಳೆಯ ಸಾಮಾನಿಗೆ ಇಂದು ಹೊಸದಾಗಿ ಕೊಂಡರೂ ಸಿಕ್ಕದ ಗಟ್ಟಿತನವಿರುತ್ತದೆ. ಊಟದ ಮಣೆಗಳನ್ನು ಗೋಡೆಗೆ ಆನಿಸಿ ಕುಂಡ ಇಡುವ ಪೀಠ ಮಾಡಬಹುದು. ಹಳೆಯ ಬಾಗಿಲಿನ ಮೇಲೆ ಗಾಜು ಹಾಸಿದರೆ ಮೇಜು ಸಿದ್ಧ. ತೊಟ್ಟಿಲನ್ನು ತೂಗುಹಾಕಿ ಮಕ್ಕಳ ಪುಸ್ತಕ, ಆಟಿಕೆಗಳನ್ನು ಅದರಲ್ಲಿಡಬಹುದು. ಚೆನ್ನೆಮಣೆಯನ್ನಂತೂ ಗೋಡೆಗೆ ಮೊಳೆ ಹೊಡೆದು ನೇತುಹಾಕುವವರನ್ನು ಕಂಡರೆ ಮರುಕವಾಗುತ್ತದೆ. ಅದರ ಹದಿನಾಲ್ಕು ಗುಳಿಗಳೂ ನೆಟ್ಟಗೆ ಇವೆಯಲ್ಲ. ಕೂರುವ ಕೋಣೆಯ ಮೇಜಿನ ಮೇಲೆ ಒಂದು ಬಟ್ಟಲು ಹುಣಿಸೆಬೀಜದೊಡನೆ ಇಡಿ. ಬಂದ ಅತಿಥಿಗಳು ಆಡಲಿ. ಆಡುತ್ತಿರುವ ಚೆನ್ನೆಮಣೆಗಿಂತ ಚೆಂದದ ಚೆನ್ನೆಮಣೆ ಯಾವುದು?

ಮೊದಲು ಮರವನ್ನು ತಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಅಂಥದನ್ನು ಬಿಸಿಲಿಗೆ ಹಾಕಿ ಮದ್ದು ಕೊಟ್ಟು ಗುಣಪಡಿಸಿದ ಹೊರತು ಒಳಗೆ ತರಬೇಡಿ. ಒಣಗಿದ ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿದರೆ ಕಳೆ ಬರುತ್ತದೆ. ಆದರೆ ಆ ಎಣ್ಣೆ ನೆನೆದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಕೂಡದು. ಗಾಳಿಯೊಡನೆ ಬೆರೆತು ಒಣಗುವಾಗ ಅದು ಕಾವೇರಿ ತಾನಾಗಿಯೇ ಬೆಂಕಿ ಹತ್ತುವುದುಂಟು. ನೀರಿನಲ್ಲಿ ನೆನೆಸಿ, ಹರವಿ ಬಯಲಿನಲ್ಲಿ ಒಣಗಿಸಬೇಕು.

ಬಣ್ಣ ಬಳಿದ ತೊಟ್ಟಿಲು, ಕುರ್ಚಿ, ಕಿಟಕಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹಳೆಯ ಬಣ್ಣಗಳಲ್ಲಿ ಸೀಸ ಧಾರಾಳವಾಗಿರುತ್ತಿತ್ತು. ೨೦೧೬ರಲ್ಲಿ ಹೊರಟ ನಿಯಮದಂತೆ ೨೦೧೭ರ ನವೆಂಬರಿನಿಂದ ನಮ್ಮ ದೇಶದಲ್ಲಿ ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದು. ಅದಕ್ಕೆ ಹಿಂದಿನದಕ್ಕೆ ಆ ಭರವಸೆಯಿಲ್ಲ. ಇಂಥ ಬಣ್ಣವನ್ನು ಒಣಗಿರುವಾಗ ಉಪ್ಪುಕಾಗದದಿಂದ ಉಜ್ಜಿದರೆ ಧೂಳು ಮನೆಯೆಲ್ಲ ಹರಡಿ ಮಕ್ಕಳ ಮೈ ಸೇರುತ್ತದೆ. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು ಮಾಡುವ ವಸ್ತು. ಬಣ್ಣ ಚಕ್ಕೆಯೇಳುತ್ತಿರುವ ತೊಟ್ಟಿಲಿನಲ್ಲಿ ಕೂಸನ್ನೂ ಮಲಗಿಸಬಾರದು, ಆಟಿಕೆಯನ್ನೂ ಇಡಬಾರದು. ಮಾಡಲೇಬೇಕಾದರೆ ಮೈಯನ್ನು ತೇವಮಾಡಿಕೊಂಡು, ಮಕ್ಕಳಿಲ್ಲದ ಬಯಲಿನಲ್ಲಿ, ಮೂಗಿಗೆ ಸರಿಯಾದ ಮುಸುಕು ಧರಿಸಿ ಮಾಡಿಸಿ.

ಬಟ್ಟೆ

ಸವೆದ ಸೀರೆಗೆ ಮರುಜನ್ಮ ಕೊಡುವುದರಲ್ಲಿ ನಮ್ಮ ಉತ್ತರ ಕರ್ನಾಟಕದ ಕೌದಿಯನ್ನು ಮೀರಿಸಿದ್ದಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಓಟಹೊಲಿಗೆ ಹಾಕುತ್ತ ಹೋಗುವುದು ಇದರ ಕ್ರಮ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಗಳ ಬಣ್ಣಗಾರಿಕೆಯನ್ನು ಈಗ ಹೊರದೇಶದವರೂ ಮೆಚ್ಚುತ್ತಾರೆ. ಅವರು ನಾಲ್ಕು ಮೂಲೆಗಳಿಗೆ ಮಡಿಚಿದ ತ್ರಿಕೋನದ ಹೂವನ್ನು ಹೊಲಿದ ಮೇಲೆಯೇ ಕವಂದಿ ಪೂರ್ಣವಾಯಿತೆಂದು ಭಾವಿಸುತ್ತಾರೆ. ನಿಮ್ಮ ಮನೆಯ ಕೌದಿ ಚಳಿಗೆ ಬೇಡವಾಗಿದ್ದರೆ ದಿವಾನಿನ ಮೇಲೆ ಹಾಸಿ; ಕತ್ತರಿಸಿ ಚೀಲ ಮಾಡಬೇಡಿ.

ಇಳಕಲ್ಲ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸನ್ನು ನೇಯ್ಗೆಯ ಹೊತ್ತಿಗೇ ಕೊಂಡಿಹಾಕಿ ಸೇರಿಸಿರುತ್ತಾರೆ. ಹತ್ತಿಯ ಒಡಲು ಸವೆದು ಹರಿದರೂ ರೇಷ್ಮೆಯ ಕೆಂಪು ಸೆರಗು ಅನೇಕ ವೇಳೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಅದು ಲೋಡಿನ ಹೊದಿಕೆಗೆ, ಬಾಗಿಲ ತೋರಣಕ್ಕೆ ಆದೀತು. ನೇರ ಬಿಸಿಲು ಬೀಳುವ ಕಿಟಕಿಗೆ ಮಾತ್ರ ರೇಷ್ಮೆಯನ್ನು ಕಟ್ಟಬೇಡಿ, ಎಳೆ ಜೀರ್ಣವಾಗುತ್ತದೆ. ಸೀರೆ ಇನ್ನೂ ಉಡುವಂತಿದ್ದರೆ ಕತ್ತರಿಯನ್ನು ದೂರವಿಡಿ. ಮಡಿಕೆಯನ್ನು ಆಗಾಗ ಬದಲಿಸುತ್ತ ಇಟ್ಟುಕೊಂಡರೆ ಮೊಮ್ಮಗಳು ಉಟ್ಟಾಳು.

ಕಂದೀಲು ಮತ್ತು ರೇಡಿಯೋ

ಕಂದೀಲಿನ ತುಕ್ಕನ್ನು ಉಜ್ಜಿ ತೆಗೆದು, ಎಣ್ಣೆಯ ವಾಸನೆ ಹೋಗುವಂತೆ ಸಾಬೂನಿನಿಂದ ತೊಳೆದು, ಒಳಗೆ ಬ್ಯಾಟರಿಯ ಸಣ್ಣ ಎಲ್‌ಇಡಿ ದೀಪವನ್ನಿಟ್ಟರೆ ಜಗಲಿಗೆ ಬೆಳಕಾಗುತ್ತದೆ. ಮನೆಯ ವಿದ್ಯುತ್ತಿನ ತಂತಿಯನ್ನು ಅದರ ಕಬ್ಬಿಣದ ಮೈಯೊಳಗೆ ನೀವಾಗಿಯೇ ಎಳೆಯುವ ಸಾಹಸ ಬೇಡ.

ಇನ್ನು, ಈ ಪತ್ರಿಕೆಯನ್ನು ಓದುವವರ ಅಟ್ಟದಲ್ಲಿ ಒಂದಾದರೂ ಹಳೆಯ ವಾಲ್ವ್ ರೇಡಿಯೋ ಇದ್ದೀತು. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಕಾಲದಿಂದ, ೧೯೫೫ರಲ್ಲಿ ಬೆಂಗಳೂರು ನಿಲಯ ಶುರುವಾಗಿ ಟ್ರಾನ್ಸಿಸ್ಟರುಗಳು ಮನೆಮನೆಗೆ ಬರುವವರೆಗೆ, ಇಡೀ ಬೀದಿ ಇಂಥ ಪೆಟ್ಟಿಗೆಗಳ ಮುಂದೆ ಕುಳಿತು ಕೇಳಿದೆ. ಈಗ ಇದರ ಒಳಗನ್ನೆಲ್ಲ ಕಿತ್ತು ಪುಸ್ತಕದ ಗೂಡನ್ನೋ ಹೂವಿನ ಪೆಟ್ಟಿಗೆಯನ್ನೋ ಮಾಡುವ ವಾಡಿಕೆ ಬಂದಿದೆ. ಅದಕ್ಕೆ ಮುಂಚೆ ರೇಡಿಯೋ ರಿಪೇರಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಅನೇಕ ಸಲ ಒಣಗಿಹೋದ ಒಂದೆರಡು ಕೆಪಾಸಿಟರುಗಳನ್ನು ಬದಲಿಸಿದರೆ ಅದು ಮತ್ತೆ ಮಾತನಾಡುತ್ತದೆ. ಕುತೂಹಲದಿಂದ ನೀವೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ವಾಲ್ವುಗಳಿಗೆ ಇನ್ನೂರು ಮುನ್ನೂರು ವೋಲ್ಟುಗಳ ಶಕ್ತಿ ಹರಿಯುತ್ತದೆ. ಪ್ಲಗ್ಗು ತೆಗೆದ ಮೇಲೆಯೂ ಸ್ವಲ್ಪ ಕಾಲ ಆಘಾತ ಕೊಡುವಷ್ಟು ವಿದ್ಯುತ್ತು ಒಳಗೆ ಉಳಿದಿರುತ್ತದೆ. ರಿಪೇರಿ ಸಾಧ್ಯವೇ ಇಲ್ಲವೆಂದಾದರೆ ಒಳಗಿನದನ್ನು ಹಾಗೆಯೇ ಬಿಟ್ಟು, ಊರುಗಳ ಹೆಸರು ಬರೆದ ಗಾಜಿನ ಡಯಲನ್ನು ಒಣ ಕುಂಚದಿಂದ ಮೆಲ್ಲನೆ ಒರಸಿ ಮೇಜಿನ ಮೇಲಿಡಿ. ಆ ಅಕ್ಷರಗಳು ಒದ್ದೆಬಟ್ಟೆಗೆ ಅಳಿಸಿಹೋಗಬಲ್ಲವು.

ಕೈಹಚ್ಚಬಾರದ ವಸ್ತುಗಳು

ಕೆಲವನ್ನು ಅಲಂಕಾರಕ್ಕೆ ಎಣಿಸಲೇಬಾರದು. ಹೊಲದಲ್ಲೋ ಹಿತ್ತಲಲ್ಲೋ ನಿಂತ ವೀರಗಲ್ಲು, ಶಾಸನದ ಕಲ್ಲು, ಭಗ್ನವಾದ ವಿಗ್ರಹ ಇವು ಉದ್ಯಾನದ ಸೊತ್ತಲ್ಲ, ಊರಿನ ಚರಿತ್ರೆ. ಅವುಗಳ ಬೆಲೆಯ ಅರ್ಧ ಅವು ನಿಂತ ಜಾಗದಲ್ಲಿಯೇ ಇರುತ್ತದೆ. ೧೯೭೨ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪವೇ ಮೊದಲಾದವುಗಳೂ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳೆನಿಸುತ್ತವೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕೆಲವು ಬಗೆಯವನ್ನು ಇಟ್ಟುಕೊಂಡವರು ನೋಂದಾಯಿಸಿಕೊಳ್ಳಬೇಕು.

ತಾಳೆಗರಿಯ ಕಟ್ಟು ಕಂಡರೆ ಅದನ್ನು ಬಿಡಿಸಿ ಚೌಕಟ್ಟು ಹಾಕಿಸಬೇಡಿ. ೧೯೦೫ರ ಸುಮಾರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಇಂಥದೇ ಒಂದು ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡರು. ೧೯೦೯ರಲ್ಲಿ ಅದು ಅಚ್ಚಾಯಿತು. ಆ ಗರಿಗಳು ಯಾರದಾದರೂ ಗೋಡೆಯ ಸಿಂಗಾರಕ್ಕೆ ಹಂಚಿಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ನಿಮ್ಮ ಮನೆಯ ಕಟ್ಟಿನಲ್ಲಿ ಬರಿಯ ಲೆಕ್ಕಪತ್ರವೇ ಇರಬಹುದು. ಆದರೂ ಓದಬಲ್ಲವರು ಒಮ್ಮೆ ನೋಡಲಿ.

ಎಷ್ಟು, ಎಲ್ಲಿ

ಉತ್ಸಾಹ ಬಂದಿತೆಂದು ಅಟ್ಟವನ್ನೆಲ್ಲ ಒಂದೇ ದಿನ ಕೆಳಗಿಳಿಸಿದರೆ ಮನೆ ಪಾತ್ರೆಯಂಗಡಿಯಾದೀತು. ಒಂದು ಕೋಣೆಗೆ ಒಂದು ವಸ್ತು ಸಾಕು. ಸುತ್ತ ಬಯಲಿದ್ದರೆ ಅದರ ಆಕಾರ ಕಣ್ಣಿಗೆ ಕಾಣುತ್ತದೆ. ದಿನವೂ ಧೂಳು ಒರಸಲು ಸಾಧ್ಯವಾಗುವಷ್ಟನ್ನೇ ಹೊರಗಿಡಿ. ಕೊಂಡುತಂದು ಸಂಗ್ರಹಿಸುವ ಚಪಲ ಬೇಡ. ಬೇರೆಯವರ ಹಂಡೆ ಎಷ್ಟು ದೊಡ್ಡದಾದರೂ ಅದರ ಮೇಲೆ ನಿಮ್ಮ ಮುತ್ತಜ್ಜಿಯ ಹೆಸರಿರುವುದಿಲ್ಲ.

ಈ ತಿಂಗಳು ಒಂದು ಕೆಲಸ ಮಾಡಿ. ಮನೆಯ ಹಿರಿಯರಲ್ಲಿ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅಟ್ಟದಿಂದ ಒಂದೊಂದೇ ವಸ್ತುವನ್ನು ಇಳಿಸಿ ಅವರ ಮುಂದಿಡಿ. ಅದರ ಹೆಸರೇನು, ಯಾರು ತಂದದ್ದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿ. ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳಬೇಕಾದ ಮಾತುಗಳಿವು. ಆಮೇಲೆ ಒಂದೇ ಒಂದನ್ನು ಆರಿಸಿ, ತೊಳೆದು, ಅಂಗಳಕ್ಕೋ ಪಡಸಾಲೆಗೋ ತನ್ನಿ. ಉಳಿದವು ಚೀಟಿಯೊಡನೆ ಅಟ್ಟದಲ್ಲಿಯೇ ಇರಲಿ. ಮುಂದಿನ ಸಲ ಗುಜರಿಯವನು ಬಾಗಿಲಿಗೆ ಬಂದಾಗ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದನ್ನು ತಿಳಿದು ಮಾತನಾಡಬಹುದು.